ಹಳೆಯ ಕಂಪ್ಯೂಟರಿಗೆ ಹೊಂದುವ ಕಾರ್ಡು



ಕನ್ನಡ ಪಂಡಿತನೊಬ್ಬನು ಕಂಪ್ಯೂಟರಿನ ವಿಷಯವಾಗಿ ಮಾತನಾಡಲು ಕುಳಿತನೆಂದರೆ ಕೆಲವರಿಗೆ ನಗೆ ಬಂದೀತು. ಇಪ್ಪತ್ತೆಂಟು ವರುಷಗಳಿಂದ ಹೈಸ್ಕೂಲಿನ ಹುಡುಗರಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುತ್ತ ಬಂದವನು ನಾನು. ಯಂತ್ರಗಳ ಶಾಸ್ತ್ರ ನಾನು ಓದಿದ್ದಲ್ಲ. ಆದರೆ ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಮನೆಯ ಹಳೆಯ ಕಂಪ್ಯೂಟರೊಂದು ಮೂರು ವಾರಗಳ ಕಾಲ ನನ್ನನ್ನು ಶಿಷ್ಯನಾಗಿ ಮಾಡಿಕೊಂಡಿತು. ಆ ಪಾಠಕ್ಕೆ ನಾನು ಕೊಟ್ಟ ಗುರುದಕ್ಷಿಣೆ, ಕೆಲಸಕ್ಕೆ ಬಾರದ ಎರಡು ಕಾರ್ಡುಗಳ ಬೆಲೆ. ನಿಮ್ಮ ಮನೆಯಲ್ಲಿಯೂ ಅಂಥ ಯಂತ್ರವೊಂದು ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿದ್ದರೆ, ನನ್ನ ಅನುಭವ ನಿಮ್ಮ ಖರ್ಚನ್ನು ಉಳಿಸಬಹುದೆಂದು ಈ ಮಾತುಗಳನ್ನು ಆಡುತ್ತಿದ್ದೇನೆ.

ಮೊದಲು ನಡೆದ ಸಂಗತಿಯನ್ನು ಹೇಳುತ್ತೇನೆ. 2002ರಲ್ಲಿ ಜಮಖಂಡಿಯಲ್ಲಿ ನಾನು ಆ ಕಂಪ್ಯೂಟರನ್ನು ಕೊಂಡೆ. ಆಗ ನನಗೊಂದು ಹುಚ್ಚು ಹಿಡಿದಿತ್ತು. ರವಿವಾರ ಬಂತೆಂದರೆ ರಬಕವಿ-ಬನಹಟ್ಟಿಯ ಬಸ್ಸು ಹತ್ತಿ, ಅಲ್ಲಿಯ ಹಿರಿಯ ನೇಕಾರರ ಮನೆಗಳಿಗೆ ಹೋಗಿ, ಮಗ್ಗದ ಮಾತುಗಳನ್ನು ಕೇಳಿ ಟೇಪಿನಲ್ಲಿ ಹಿಡಿದುಕೊಳ್ಳುವುದು. ಲಾಳಿ, ಹಣಿಗೆ, ಕಂಡಿಕೆ, ಹಾಸು, ಹೊಕ್ಕು ಎಂಬಂಥ ಮಾತುಗಳು ನಿಘಂಟಿನಲ್ಲಿ ಸಿಕ್ಕಾವು. ಆದರೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವರು ಅವನ್ನು ಯಾವ ಸಂದರ್ಭದಲ್ಲಿ ಹೇಗೆ ಆಡುತ್ತಾರೆಂಬುದು ನಿಘಂಟಿನಲ್ಲಿ ಸಿಕ್ಕದು. ಕ್ಯಾಸೆಟ್ಟುಗಳಿಗೆ ಬಹಳ ದುಡ್ಡು ಹಾಕುವ ಶಕ್ತಿ ನನಗಿರಲಿಲ್ಲ. ಆದುದರಿಂದ ಟೇಪಿನ ಧ್ವನಿಯನ್ನು ಕಂಪ್ಯೂಟರಿಗೆ ಹಾಯಿಸಿ, ಅದೇ ಕ್ಯಾಸೆಟ್ಟನ್ನು ಅಳಿಸಿ ಮುಂದಿನ ವಾರಕ್ಕೆ ಬಳಸುತ್ತಿದ್ದೆ. ಹೀಗೆ ಒಂಬತ್ತು ತಾಸುಗಳ ಮಾತು ಆ ಯಂತ್ರದ ಹೊಟ್ಟೆಯಲ್ಲಿ ಸೇರಿತು. ಬೇರೆಲ್ಲಿಯೂ ಅದರ ಪ್ರತಿ ಇರಲಿಲ್ಲ. ಇದು ನನ್ನ ಮೊದಲನೆಯ ತಪ್ಪು.

ವರುಷಗಳು ಕಳೆದುವು. ಮಾತನಾಡಿದ ಹಿರಿಯರಲ್ಲಿ ಬಹುಮಂದಿ ತೀರಿಕೊಂಡರು. ಹೊಸ ಲ್ಯಾಪ್‌ಟಾಪು ಮನೆಗೆ ಬಂದಿತು, ಹಳೆಯದು ಅಟ್ಟವನ್ನೇರಿತು. ಕಳೆದ ಬೇಸಿಗೆಯ ಮೊದಲಲ್ಲಿ ಬನಹಟ್ಟಿಯ ಒಬ್ಬ ಹುಡುಗಿ, ನನ್ನ ಹಿಂದಿನ ವಿದ್ಯಾರ್ಥಿನಿ, ತನ್ನ ಮದುವೆಯ ಕರೆಯೋಲೆಯನ್ನು ಕೊಡಲು ಬಂದಳು. ಅವಳ ಅಜ್ಜಿಯ ಮನೆಗೆ ನಾನು ನಾಲ್ಕಾರು ರವಿವಾರ ಹೋಗಿದ್ದೆ. ಚಹ ಕುಡಿದು ಏಳುವಾಗ ಅವಳು ಕೇಳಿದಳು: “ಸರ್, ನಮ್ಮ ಆಯಿ ಮಾತಾಡಿದ್ದು ನಿಮ್ಮ ಕಂಪ್ಯೂಟರಿನ್ಯಾಗ ಇನ್ನೂ ಐತೇನ್ರೀ? ನಮ್ಮ ಮನ್ಯಾಗ ಆಕಿ ಫೋಟೋ ಐತಿ, ಧ್ವನಿ ಇಲ್ರಿ.”

“ಐತವ್ವಾ, ತಗದುಕೊಡತೀನಿ” ಎಂದುಬಿಟ್ಟೆ. ಅವಳು ಹೋದ ಮೇಲೆ ಯಂತ್ರವನ್ನು ಅಟ್ಟದಿಂದ ಇಳಿಸಿದೆ. ಅದೃಷ್ಟವಶಾತ್ ಅದು ನಡೆಯಿತು. ಆದರೆ ಒಳಗಿನದನ್ನು ಹೊರಗೆ ತರುವ ದಾರಿ ಯಾವುದು? ಪೆನ್ ಡ್ರೈವನ್ನು ಚುಚ್ಚಿದರೆ, ಅದರೊಳಗಿನ ವಿಂಡೋಸ್ 98 ಅದನ್ನು ಗುರುತಿಸಲಿಲ್ಲ. ಸಿಡಿಯನ್ನು ಅದು ಓದಬಲ್ಲದು, ಬರೆಯಲಾರದು. ಉಳಿದದ್ದು ಫ್ಲಾಪಿ. ಲೆಕ್ಕ ಹಾಕಿ ನೋಡಿದೆ. ನಾನು ಹಿಡಿದಿಟ್ಟ ಧ್ವನಿ ಒಂದು ಸೆಕೆಂಡಿಗೆ 44,100 ಬೈಟುಗಳಂತೆ, ಒಂಬತ್ತು ತಾಸಿಗೆ 1,400 ಮೆಗಾಬೈಟಿಗೂ ಮಿಕ್ಕಿತು. ಒಂದು ಫ್ಲಾಪಿಯಲ್ಲಿ ಅರ್ಧ ನಿಮಿಷದ ಮಾತು ಹಿಡಿದೀತು. ಎಲ್ಲಕ್ಕೂ ಬೇಕಾದ ಫ್ಲಾಪಿಗಳು ಸುಮಾರು 970! ಆಗ ನನ್ನ ಹಳೆಯ ಶಿಷ್ಯ, ಈಗ ಪಾಲಿಟೆಕ್ನಿಕ್ಕಿನಲ್ಲಿ ಓದುವವನು, “ಸರ್, ಒಂದು ನೆಟ್‌ವರ್ಕ್ ಕಾರ್ಡ್ ಕೂಡಿಸಿದ್ರ ವಾಯರ್ ಹಾಕಿ ಲ್ಯಾಪ್‌ಟಾಪಿಗೆ ತಗೋಬಹುದ್ರಿ” ಎಂದ.

ನೆಟ್‌ವರ್ಕ್ ಕಾರ್ಡೆಂದರೆ ಒಂದು ಕಂಪ್ಯೂಟರನ್ನು ಮತ್ತೊಂದಕ್ಕೆ, ಇಲ್ಲವೆ ಅಂತರ್ಜಾಲದ ಪೆಟ್ಟಿಗೆಗೆ ಜೋಡಿಸುವ ಸಣ್ಣ ಹಲಗೆ. ಇಂದಿನ ಯಂತ್ರಗಳಲ್ಲಿ ಅದು ಹುಟ್ಟಿನಿಂದಲೇ ಇರುತ್ತದೆ. ನನ್ನದರಲ್ಲಿ ಇರಲಿಲ್ಲ. ಪೇಟೆಗೆ ಹೋಗಿ, “ಒಳ್ಳೆಯದೊಂದು ನೆಟ್‌ವರ್ಕ್ ಕಾರ್ಡು ಕೊಡಿರಿ” ಎಂದೆ. ಇದು ನನ್ನ ಎರಡನೆಯ ತಪ್ಪು. ಅಂಗಡಿಯವನು ತನ್ನಲ್ಲಿದ್ದ ಹೊಸದನ್ನು, ವೇಗದ್ದನ್ನು ಕೊಟ್ಟ. ಮನೆಗೆ ತಂದು ಯಂತ್ರವನ್ನು ಬಿಚ್ಚಿ ನೋಡಿದರೆ ಅದು ಕೂಡುವ ಜಾಗವೇ ಒಳಗಿಲ್ಲ. ಎರಡನೆಯ ಸಲ ಅಳತೆ ನೋಡಿ ತಂದೆ. ಅದು ಕೂಡಿತು, ಆದರೆ ಅದನ್ನು ನಡೆಸುವ ತಂತ್ರಾಂಶ ವಿಂಡೋಸ್ 98ಕ್ಕೆ ಇರಲಿಲ್ಲ.

ನಮ್ಮ ವ್ಯಾಕರಣದಲ್ಲಿ ಅರಿಸಮಾಸವೆಂಬುದೊಂದುಂಟು. ಕನ್ನಡ ಪದವೂ ನಿರ್ದುಷ್ಟ, ಸಂಸ್ಕೃತ ಪದವೂ ನಿರ್ದುಷ್ಟ. ಆದರೆ ಹೊಂದಿಕೆಯನ್ನು ನೋಡದೆ ಎರಡನ್ನೂ ಬೆಸೆದರೆ ದೋಷ. ಹುಡುಗರಿಗೆ ಇದನ್ನು ವರುಷವರುಷವೂ ಹೇಳುವ ನಾನು ಎರಡು ಅರಿಸಮಾಸಗಳನ್ನು ರೊಕ್ಕ ಕೊಟ್ಟು ತಂದಿದ್ದೆ. ಕಾರ್ಡು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು, ನಮ್ಮ ಯಂತ್ರ ಏನನ್ನು ಒಪ್ಪುತ್ತದೆ ಎಂದು ಕೇಳಬೇಕಾಗಿತ್ತು. ಈಗ ಆ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಕಾರ್ಡು ಕೂಡುವ ಸ್ಲಾಟು ಯಾವ ಜಾತಿಯದು ಎಂಬುದು. ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಬದಿಯ ತಗಡನ್ನು ತೆಗೆದು ನೋಡಿರಿ. ಬಹಳ ಹಳೆಯ ಯಂತ್ರಗಳಲ್ಲಿ ಉದ್ದವಾದ ಕಪ್ಪು ಸ್ಲಾಟುಗಳಿರುತ್ತವೆ. ಇವು ಐಎಸ್‌ಎ ಎಂಬ ಪದ್ಧತಿಯವು, 1980ರ ದಶಕದವು. 1992ರಲ್ಲಿ ಇಂಟೆಲ್ ಕಂಪನಿ ಪಿಸಿಐ ಎಂಬುದನ್ನು ಹೊರತಂದಿತು. ಇವು ಸಾಮಾನ್ಯವಾಗಿ ಬಿಳಿಯ ಬಣ್ಣದವು, ಗೇಣಿಗಿಂತ ಚಿಕ್ಕವು. 2003ರಿಂದ ಈಚೆಗೆ ಬಂದದ್ದು ಪಿಸಿಐ ಎಕ್ಸ್‌ಪ್ರೆಸ್. ಇದರಲ್ಲಿ ನೆಟ್‌ವರ್ಕ್ ಕಾರ್ಡಿಗೆ ಬೇಕಾದದ್ದು ಒಂದು ಅಂಗುಲದಷ್ಟಿನ ಪುಟ್ಟ ಸ್ಲಾಟು. ಹೆಸರಿನಲ್ಲಿ ಪಿಸಿಐ ಎಂಬುದು ಎರಡಕ್ಕೂ ಸಮಾನವಾದರೂ ಒಂದರ ಕಾರ್ಡು ಮತ್ತೊಂದರಲ್ಲಿ ಕೂಡದು. ನಾನು ಮೋಸಹೋದದ್ದು ಇಲ್ಲಿಯೇ. ಪಿಸಿಐ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಅನುಕೂಲವುಂಟು: ಪುಟ್ಟ ಕಾರ್ಡನ್ನು ಅದೇ ಜಾತಿಯ ಉದ್ದ ಸ್ಲಾಟಿನಲ್ಲಿ ಕೂಡಿಸಿದರೂ ನಡೆಯುತ್ತದೆ.

ಎರಡನೆಯದು, ಕಾರ್ಡಿನ ಕಚ್ಚು. ಪಿಸಿಐ ಕಾರ್ಡಿನ ಚಿನ್ನದ ಬಣ್ಣದ ಅಂಚಿನಲ್ಲಿ ಒಂದು ಅಥವಾ ಎರಡು ಕಚ್ಚುಗಳಿರುತ್ತವೆ. ಇವು ಅಲಂಕಾರಕ್ಕಲ್ಲ. ಹಳೆಯ ಸ್ಲಾಟುಗಳು 5 ವೋಲ್ಟಿನವು, ಆಮೇಲಿನ ಕೆಲವು 3.3 ವೋಲ್ಟಿನವು, ಒಂದರದನ್ನು ಇನ್ನೊಂದಕ್ಕೆ ಹಾಕಿ ಸುಟ್ಟುಕೊಳ್ಳಬಾರದೆಂದು ಕಚ್ಚಿನ ಜಾಗವನ್ನು ಬೇರೆ ಮಾಡಿದ್ದಾರೆ. ಎರಡೂ ಕಚ್ಚುಗಳಿರುವ ಕಾರ್ಡು ಎರಡು ಬಗೆಯ ಸ್ಲಾಟಿಗೂ ಸಲ್ಲುತ್ತದೆ. ಕೊಳ್ಳುವಾಗ ಅದನ್ನೇ ಆರಿಸಿರಿ. ಕಾರ್ಡು ಸುಲಭವಾಗಿ ಇಳಿಯದಿದ್ದರೆ ಬಲಾತ್ಕಾರ ಮಾಡಬೇಡಿರಿ.

ಮೂರನೆಯದು, ಎತ್ತರ. ಇದನ್ನು ನನಗೆ ಕಲಿಸಿದ್ದು ಬೀಳಗಿಯ ನಮ್ಮ ಭಾವನವರ ಅಂಗಡಿ. ಅವರ ಕಂಪ್ಯೂಟರು ಅಷ್ಟೇನೂ ಹಳೆಯದಲ್ಲ. ಒಂದು ಮಳೆಗಾಲ ಸಿಡಿಲು ಹೊಡೆದಾಗ ಅಂತರ್ಜಾಲದ ತಂತಿಯ ಮೂಲಕ ಹಾಯ್ದು ಬಂದ ವಿದ್ಯುತ್ತು, ಯಂತ್ರದಲ್ಲಿ ಹುಟ್ಟಿನಿಂದ ಇದ್ದ ನೆಟ್‌ವರ್ಕ್ ಭಾಗವನ್ನು ಕೊಂದುಹಾಕಿತು, ಉಳಿದದ್ದೆಲ್ಲ ಸರಿಯಾಗಿತ್ತು. ಯಂತ್ರವನ್ನೇ ಬದಲಿಸಬೇಕೆಂದು ಯಾರೋ ಹೇಳಿದ್ದರು. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡೊಂದು ಸಾಕಾಗಿತ್ತು. ಆದರೆ ಅವರದು ತೆಳ್ಳನೆಯ ಪೆಟ್ಟಿಗೆ. ಕಾರ್ಡಿನ ಬೆನ್ನಿಗಿರುವ ತಗಡು ಎತ್ತರವಾಗಿ ಪೆಟ್ಟಿಗೆ ಮುಚ್ಚಲಿಲ್ಲ. ಇಂಥವುಗಳಿಗೆಂದು ಅರ್ಧ ಎತ್ತರದ ತಗಡು ಬರುತ್ತದೆ. ಕೆಲವು ಕಾರ್ಡುಗಳ ಡಬ್ಬಿಯಲ್ಲಿ ಎರಡನ್ನೂ ಇಟ್ಟಿರುತ್ತಾರೆ. ಕೊಳ್ಳುವ ಮೊದಲು ಡಬ್ಬಿಯನ್ನು ಬಿಚ್ಚಿ ನೋಡಿರಿ. ಸಿಡಿಲಿನ ಹೊತ್ತಿನಲ್ಲಿ ಅಂತರ್ಜಾಲದ ತಂತಿಯನ್ನೂ ಕಿತ್ತಿಡುವುದು ಒಳ್ಳೆಯದೆಂಬ ಮಾತನ್ನು ಬೀಳಗಿಯವರು ಈಗ ಊರಿಗೆಲ್ಲ ಹೇಳುತ್ತಾರೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಚಾಲಕ ತಂತ್ರಾಂಶ. ಜನ ಇದನ್ನು ಡ್ರೈವರ್ ಎನ್ನುತ್ತಾರೆ. ಕಾರ್ಡಿನ ಮಾತನ್ನು ಯಂತ್ರಕ್ಕೂ ಯಂತ್ರದ ಮಾತನ್ನು ಕಾರ್ಡಿಗೂ ತಿಳಿಸುವ ದುಭಾಷಿ ಇದು. ಡಬ್ಬಿಯ ಮೇಲಿನ ಕಂಪನಿಯ ಹೆಸರಿಗೆ ಇಲ್ಲಿ ಬೆಲೆಯಿಲ್ಲ. ಹಲಗೆಯ ಮೇಲಿನ ದೊಡ್ಡ ಕಪ್ಪು ಚಿಪ್ಪಿನ ಮೇಲೆ ಕೆತ್ತಿರುವ ಸಂಖ್ಯೆಯನ್ನು ಓದಬೇಕು. ಹತ್ತು ಹೆಸರುಗಳಲ್ಲಿ ಮಾರುವ ಕಾರ್ಡುಗಳ ಮೇಲೆ ಒಂದೇ ಚಿಪ್ಪು ಇರುವುದುಂಟು. ರಿಯಲ್‌ಟೆಕ್ ಕಂಪನಿಯ 8139 ಎಂಬ ಚಿಪ್ಪು ಹಳೆಯ ಪಿಸಿಐ ಯಂತ್ರಗಳಿಗೆ ಮನೆಯ ಮಗನಿದ್ದಂತೆ: ವಿಂಡೋಸ್ 98ಕ್ಕೆ ಅದರ ಡ್ರೈವರ್ ಉಂಟು, ಎಕ್ಸ್‌ಪಿ ಅದನ್ನು ತಾನಾಗಿ ಗುರುತಿಸುತ್ತದೆ, ಲಿನಕ್ಸಿನಲ್ಲಿಯೂ ಅದಕ್ಕೆ ಎಂದಿನಿಂದಲೋ ಜಾಗವಿದೆ. ಇಂಟೆಲ್‌ನ ಪ್ರೊ 100 ಎಂಬ ಕಾರ್ಡುಗಳೂ ಹೀಗೆಯೇ ನಂಬಿಕೆಯವು. ಪಿಸಿಐ ಎಕ್ಸ್‌ಪ್ರೆಸ್ ಇರುವ ಯಂತ್ರಗಳಾದರೆ ರಿಯಲ್‌ಟೆಕ್‌ನ 8111 ಅಥವಾ 8168 ಸಂಖ್ಯೆಯವು ಎಲ್ಲೆಡೆಯೂ ಸಿಗುತ್ತವೆ.

ಸಂಖ್ಯೆ ಅಳಿಸಿಹೋಗಿದ್ದರೂ ಉಪಾಯವುಂಟು. ಪಿಸಿಐ ಕಾರ್ಡುಗಳೆಲ್ಲ ತಮ್ಮ ಕುಲಗೋತ್ರಗಳನ್ನು ಒಳಗೆ ಬರೆದುಕೊಂಡಿರುತ್ತವೆ. ಮೊದಲ ನಾಲ್ಕು ಅಂಕೆಗಳು ತಯಾರಕನವು, ಮುಂದಿನ ನಾಲ್ಕು ಕಾರ್ಡಿನವು. ಇಂಟೆಲ್‌ನ ಗುರುತು 8086. ಅದು ಆ ಕಂಪನಿಯ ಪ್ರಸಿದ್ಧ ಪ್ರೊಸೆಸರೊಂದರ ಹೆಸರೂ ಹೌದು. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಈ ಅಂಕೆಗಳನ್ನು ನೋಡಿಕೊಂಡು ಸರಿಯಾದ ಡ್ರೈವರನ್ನು ಹುಡುಕಬಹುದು.

ಇಲ್ಲೊಂದು ತೊಡಕುಂಟು. ಡ್ರೈವರ್ ಸಿಗುವುದು ಅಂತರ್ಜಾಲದಲ್ಲಿ. ಅಂತರ್ಜಾಲ ಬರುವುದು ಡ್ರೈವರ್ ಇದ್ದಾಗ. ಬೀಜ ವೃಕ್ಷ ನ್ಯಾಯ! ಆದುದರಿಂದ ಬೇರೊಂದು ಯಂತ್ರದಲ್ಲಿ ಡ್ರೈವರನ್ನು ಇಳಿಸಿಕೊಂಡು, ಹಳೆಯದು ಓದಬಲ್ಲ ರೂಪದಲ್ಲಿ, ಸಿಡಿಯಲ್ಲಿಯೋ ಫ್ಲಾಪಿಯಲ್ಲಿಯೋ, ಮೊದಲೇ ಇಟ್ಟುಕೊಳ್ಳಬೇಕು. ವಿಂಡೋಸ್ 98 ಆದರೆ ತನ್ನ ಮೂಲ ಸಿಡಿಯನ್ನೂ ನಡುವೆ ಕೇಳುತ್ತದೆ. ಅದನ್ನು ಎಸೆದಿದ್ದರೆ ಕಷ್ಟ.

ಐದನೆಯದು, ವೇಗ. ಇದನ್ನು ಬೇಕೆಂದೇ ಕೊನೆಗಿಟ್ಟೆ, ಏಕೆಂದರೆ ಅಂಗಡಿಯಲ್ಲಿ ಮೊದಲು ಹೇಳುವುದು ಇದನ್ನೇ. ಕಾರ್ಡುಗಳು ಸೆಕೆಂಡಿಗೆ 10, 100, 1000 ಮೆಗಾಬಿಟ್ ಎಂದು ಬಂದಿವೆ. 100ರ ಮಾನಕ 1995ರದು, ತಾಮ್ರದ ತಂತಿಯ ಮೇಲಿನ 1000ದ್ದು 1999ರದು. 100 ಮೆಗಾಬಿಟ್ ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟು. ಪಿಸಿಐ ಸ್ಲಾಟಿನ ದಾರಿಯೇ ಹೆಚ್ಚೆಂದರೆ 133 ಮೆಗಾಬೈಟಿನದು, ಅದನ್ನೂ ಬೇರೆ ಕಾರ್ಡುಗಳೊಡನೆ ಹಂಚಿಕೊಳ್ಳಬೇಕು. ಇಪ್ಪತ್ತು ವರುಷದ ಹಾರ್ಡ್ ಡಿಸ್ಕಿನ ವೇಗ ಅದಕ್ಕಿಂತ ಎಷ್ಟೋ ಕಡಮೆ. ದಪ್ಪ ನೂಲಿಗೆ ನಯವಾದ ಹಣಿಗೆಯನ್ನು ಹೂಡಿದರೆ ಬಟ್ಟೆ ನಯವಾಗದು, ಎಳೆ ಹರಿಯುತ್ತದೆ ಎಂದು ಬನಹಟ್ಟಿಯವರಿಗೆ ಹೇಳಿಕೊಡಬೇಕಾಗಿಲ್ಲ. ಹಳೆಯ ಯಂತ್ರಕ್ಕೆ 100ರ ಕಾರ್ಡು ಧಾರಾಳವಾಗಿ ಸಾಕು.

ಲ್ಯಾಪ್‌ಟಾಪಿನವರಿಗೆ ಇಷ್ಟೆಲ್ಲ ಬಿಚ್ಚುವ ಕೆಲಸವಿಲ್ಲ. ಯುಎಸ್‌ಬಿ ರಂಧ್ರಕ್ಕೆ ಚುಚ್ಚುವ ನೆಟ್‌ವರ್ಕ್ ಕೊಂಡಿಗಳು ಸಿಗುತ್ತವೆ. ಆದರೆ ರಂಧ್ರ ಮೊದಲ ತಲೆಮಾರಿನದಾದರೆ ಅದರ ವೇಗ 12 ಮೆಗಾಬಿಟ್ ಮಾತ್ರ; 2000ದಲ್ಲಿ ಬಂದ ಎರಡನೆಯ ತಲೆಮಾರಿನದು 480ರದು. ಇಲ್ಲಿಯೂ ಡ್ರೈವರಿನ ಪ್ರಶ್ನೆಯನ್ನು ಮರೆಯಬಾರದು. ತಂತಿಯಿಲ್ಲದ ವೈಫೈ ಬೇಕೆಂದರೆ ಇನ್ನೆರಡು ಮಾತು. ಹಳೆಯ ವೈಫೈ ಕಾರ್ಡುಗಳಲ್ಲಿ ಹಲವು 2.4 ಗಿಗಾಹರ್ಟ್ಸಿನ ಅಲೆಯನ್ನು ಮಾತ್ರ ಬಲ್ಲವು. ಮೀಡಿಯಂ ವೇವ್ ಮಾತ್ರ ಇರುವ ರೇಡಿಯೋದಲ್ಲಿ ಎಫ್‌ಎಂ ಹುಡುಕಿದರೆ ಸಿಕ್ಕೀತೇ? ಮೊಬೈಲಿನ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸಿಗೆ ಇಟ್ಟಿದ್ದರೆ ಅಂಥ ಯಂತ್ರಕ್ಕೆ ಅದು ಕಾಣದು. ಅಂತೆಯೇ 2018ರಲ್ಲಿ ಬಂದ ಡಬ್ಲ್ಯೂಪಿಎ 3 ಎಂಬ ಬೀಗವೂ ಅದಕ್ಕೆ ತಿಳಿಯದು. 2004ರ ಡಬ್ಲ್ಯೂಪಿಎ 2 ಇಟ್ಟು ನೋಡಬೇಕು. ರಬಕವಿಯ ಸ್ನೇಹಿತರೊಬ್ಬರು ಹೊಸ ಕಾರ್ಡು ಕೊಳ್ಳಲು ಹೊರಟಿದ್ದರು; ಮೊಬೈಲಿನಲ್ಲಿ ಈ ಎರಡನ್ನು ಬದಲಿಸಿದ ಮೇಲೆ ಬೇಕಾಗಲಿಲ್ಲ.

ಇನ್ನು ನನ್ನ ಕಥೆಗೆ ಬರುತ್ತೇನೆ. ಮೂರನೆಯ ಕಾರ್ಡು ಸಿಕ್ಕಿದ್ದು ರನ್ನನ ಊರಾದ ಮುಧೋಳದಲ್ಲಿ. ರಿಪೇರಿ ಅಂಗಡಿಯೊಂದರ ಮುರುಕು ಸಾಮಾನಿನ ಬುಟ್ಟಿಯಲ್ಲಿ 8139 ಎಂದು ಕೆತ್ತಿದ, ಎರಡು ಕಚ್ಚುಗಳ ಕಾರ್ಡು ಕಣ್ಣಿಗೆ ಬಿತ್ತು. “ಒಯ್ಯಿರಿ ಗುರುಗಳ, ಅದನ್ನ ಕೇಳವ್ರು ಯಾರೂ ಇಲ್ಲ” ಎಂದು ಅಂಗಡಿಯವನು ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಮನೆಗೆ ತಂದು, ಕಾರ್ಡಿನ ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಸ್ಲಾಟಿನ ದೂಳನ್ನು ಕುಂಚದಿಂದ ಝಾಡಿಸಿ, ಮೈಯ ಸ್ಥಿರವಿದ್ಯುತ್ತು ಹೋಗಲೆಂದು ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಕೂಡಿಸಿದೆವು. ಮಗ್ಗದ ಮನೆಗಳಲ್ಲಿರುವ ಯಂತ್ರಗಳಲ್ಲಿ ಹತ್ತಿಯ ನವಿರು ಒಳಗೆಲ್ಲ ಕುಳಿತಿರುತ್ತದೆ. ಅವರು ಈ ಕೆಲಸವನ್ನು ಇನ್ನಷ್ಟು ಎಚ್ಚರದಿಂದ ಮಾಡಬೇಕು.

ಯಂತ್ರ ಕಾರ್ಡನ್ನು ಗುರುತಿಸಿತು. ಎರಡು ಯಂತ್ರಗಳ ನಡುವೆ ತಂತಿ ಹಾಕಿ, ಒಂದಕ್ಕೆ 192.168.1.1, ಮತ್ತೊಂದಕ್ಕೆ 192.168.1.2 ಎಂದು ವಿಳಾಸ ಕೊಟ್ಟೆವು. ಆದರೂ ಲ್ಯಾಪ್‌ಟಾಪು ಹಳೆಯದರ ಕಡತಗಳನ್ನು ತೆರೆಯಲಿಲ್ಲ. ಕಾರಣವೇನೆಂದರೆ, ಕಡತ ಹಂಚಿಕೊಳ್ಳಲು ವಿಂಡೋಸ್ 98 ಬಳಸುವ ಹಳೆಯ ರೂಢಿಯನ್ನು, ಸುರಕ್ಷಿತವಲ್ಲವೆಂದು, 2017ರಿಂದೀಚಿನ ವಿಂಡೋಸುಗಳು ಬಿಟ್ಟುಬಿಟ್ಟಿವೆ. ನನ್ನ ಶಿಷ್ಯ ಎಫ್‌ಟಿಪಿ ಎಂಬ ಇನ್ನೂ ಹಳೆಯ, ಎರಡಕ್ಕೂ ತಿಳಿದ ಪದ್ಧತಿಯಿಂದ ಕೆಲಸ ಸಾಧಿಸಿದ. ಹದಿನೈದು ನಿಮಿಷಗಳಲ್ಲಿ ಒಂಬತ್ತು ತಾಸಿನ ಮಾತೂ ಈಚೆಗೆ ಬಂದಿತು.

ಎರಡು ಎಚ್ಚರಿಕೆಯ ಮಾತುಗಳನ್ನು ಇಲ್ಲಿ ಸೇರಿಸಬೇಕು. ವಿಂಡೋಸ್ 98ಕ್ಕೆ 2006ರಲ್ಲಿ, ಎಕ್ಸ್‌ಪಿಗೆ 2014ರಲ್ಲಿ, ಏಳಕ್ಕೆ 2020ರಲ್ಲಿ, ಹತ್ತಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ರಕ್ಷಣೆ ಮುಗಿಯಿತು. ಬಹಳ ಹಳೆಯವುಗಳನ್ನು ನಾನು ಮಾಡಿದಂತೆ ಯಂತ್ರದಿಂದ ಯಂತ್ರಕ್ಕೆ ಜೋಡಿಸಿರಿ, ಅಂತರ್ಜಾಲಕ್ಕೆ ಬಿಡಬೇಡಿರಿ. ವಿಂಡೋಸ್ 10ರ ಯಂತ್ರಗಳಿಗಾದರೆ ಲಿನಕ್ಸ್ ಹಾಕಿ ಮಕ್ಕಳ ಓದಿಗೆ ಇನ್ನೂ ಕೆಲವು ವರುಷ ಬಳಸಬಹುದು. ಆದರೆ 32 ಬಿಟ್ ಯಂತ್ರಗಳನ್ನು ಲಿನಕ್ಸಿನವರೂ ಒಬ್ಬೊಬ್ಬರಾಗಿ ಕೈಬಿಡುತ್ತಿದ್ದಾರೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಸ್ಥಾಪನೆಯ ಸಿಡಿಯನ್ನೇ ಕೊಡುವುದಿಲ್ಲ. ಎರಡನೆಯ ಮಾತು: ಒಳಗಿನ ಕಡತಗಳಷ್ಟೇ ಬೇಕು, ಯಂತ್ರ ಬೇಡ ಎನ್ನುವವರು ಕಾರ್ಡನ್ನು ಹುಡುಕಬೇಕಾಗಿಲ್ಲ. ಹಾರ್ಡ್ ಡಿಸ್ಕನ್ನು ಬಿಚ್ಚಿ, ಐಡಿಇಯಿಂದ ಯುಎಸ್‌ಬಿಗೆ ಜೋಡಿಸುವ ಕೊಂಡಿಯಿಂದ ಹೊಸ ಯಂತ್ರಕ್ಕೆ ಹಚ್ಚಿದರೂ ಆದೀತು. ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಮದುವೆಗೆ ಎರಡು ದಿನ ಮುಂಚೆ ಬನಹಟ್ಟಿಗೆ ಹೋಗಿ ಹುಡುಗಿಯ ಕೈಗೆ ಪೆನ್ ಡ್ರೈವನ್ನು ಕೊಟ್ಟೆ. ಅಲ್ಲಿಯೇ ಹಚ್ಚಿ ಕೇಳಿದರು. ಮಗ್ಗದ ಸಪ್ಪಳದ ನಡುವೆ ಅಜ್ಜಿಯ ಮಾತು. ನಾನು ಒಂದು ಪದವನ್ನು ಪುಸ್ತಕದ ರೀತಿಯಲ್ಲಿ ಉಚ್ಚರಿಸಿದಾಗ ಆಕೆ ನಕ್ಕು, “ಹಂಗಲ್ಲೋ ಮಾಸ್ತರ” ಎಂದು ತಿದ್ದುವುದು. ಹುಡುಗಿಯ ತಂದೆ ಮಗ್ಗವನ್ನು ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಿದ್ದರು. ಮುಗಿದ ಮೇಲೆ, “ಇನ್ನೊಮ್ಮೆ ಹಚ್ಚವ್ವಾ” ಎಂದರು.

ಕೇಳುಗರೇ, ಪೇಟೆಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ: ಸ್ಲಾಟು ಯಾವುದು, ಕಚ್ಚು ಎಷ್ಟು, ಪೆಟ್ಟಿಗೆಯ ಎತ್ತರ ಎಷ್ಟು, ಒಳಗಿನ ವಿಂಡೋಸ್ ಯಾವುದು, ಬೇಕಾದ ವೇಗ ಎಷ್ಟು. ಬಿಚ್ಚಿದ ಪೆಟ್ಟಿಗೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಹೊರಗೆ ಬಂದ ಕಡತಗಳನ್ನು ಎರಡು ಬೇರೆ ಬೇರೆ ಜಾಗಗಳಲ್ಲಿ ಇಡಿರಿ. ಮತ್ತು ಈ ಕೆಲಸವನ್ನು ಬರುವ ರಜೆಗೆಂದು ಮುಂದೂಡಬೇಡಿರಿ. ಹಳೆಯ ಡಿಸ್ಕು ಇಂದು ತಿರುಗಿತೆಂದು ನಾಳೆಯೂ ತಿರುಗೀತೆಂಬ ಭರವಸೆಯಿಲ್ಲ.